ಬೆರಳಿನ ದೂರ, ಕೀಲಿಯ ಅಗಲ

ಮೊಬೈಲಿನಲ್ಲಿ ಅರಸೀಕೆರೆ, ಬೇಲೂರು, ಹಳೇಬೀಡು ಎಂದು ಕನ್ನಡದಲ್ಲೇ ಬರೆದು ನೋಡಿ. ಅಕ್ಷರಗಳಿಗೂ ಕಾಗುಣಿತದ ಚಿಹ್ನೆಗಳಿಗೂ ಒಂದೇ ಪುಟದಲ್ಲಿ ಬೇರೆಬೇರೆ ಕೀಲಿಯಿದ್ದರೆ, ಊರ ಹೆಸರುಗಳಿಗಷ್ಟೇ 21 ಸಲ ಒತ್ತಿದರೆ ಸಾಕು. ಇಂಗ್ಲಿಷ್ ಕೀಲಿಗಳಲ್ಲೇ ಕನ್ನಡ ಬರೆಯುವ ಕೆ.ಪಿ. ರಾವ್ ಅವರ ವಿನ್ಯಾಸದಲ್ಲಿ ಶಿಫ್ಟ್ ಸೇರಿ 27 ಸಲ. ಹಳೇಬೀಡು ಒಂದಕ್ಕೇ ಮೂರು ಸಲ ಶಿಫ್ಟ್ ಬೇಕು: ಳಕಾರಕ್ಕೆ, ಅದರ ಏತ್ವಕ್ಕೆ, ಬೀ ದೀರ್ಘಕ್ಕೆ. ಹಾಗೆಂದು ಮೊದಲನೆಯದೇ ವೇಗದ ಕೀಲಿಮಣೆ ಎಂದು ತೀರ್ಪು ಕೊಡುವಂತಿಲ್ಲ.

ಈ ತೀರ್ಪಿಗೆ ಬೇಕಾದ ಅಳತೆಗೋಲು 1954ರದು. ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್ ಎರಡು ಲೋಹದ ಪಟ್ಟಿಗಳನ್ನು ಇಟ್ಟು, ಕಡ್ಡಿಯಿಂದ ಅತ್ತಿತ್ತ ಬೇಗಬೇಗ ಮುಟ್ಟುವಂತೆ ಜನರಿಗೆ ಹೇಳಿದರು. ಪಟ್ಟಿಗಳ ನಡುವಿನ ದೂರ, ಅವುಗಳ ಅಗಲ ಎರಡನ್ನೂ ಬದಲಿಸುತ್ತ ಹೋದರು. ದೂರದ ಎರಡರಷ್ಟನ್ನು ಅಗಲದಿಂದ ಭಾಗಿಸಿ, ಬಂದದ್ದಕ್ಕೆ 2ರ ಆಧಾರದ ಲಾಗರಿದಮ್ ತೆಗೆದರೆ ಅದೇ ಗುರಿಯ ಕಷ್ಟ, ಅದರ ಅಳತೆ ಬಿಟ್. ಕಷ್ಟ ಏರಿದಷ್ಟೂ ಸಮಯ ಒಂದೇ ಸಮನೆ ಏರುತ್ತದೆ. 40 ಮಿ.ಮೀ. ದೂರದಲ್ಲಿ 5 ಮಿ.ಮೀ. ಅಗಲದ ಕೀಲಿಯಿದ್ದರೆ ಕಷ್ಟ 4 ಬಿಟ್. ಅದನ್ನು 20 ಮಿ.ಮೀ.ಗೆ ಹತ್ತಿರ ತಂದರೆ 3. ಇದ್ದಲ್ಲೇ ಇರಿಸಿ ಅಗಲವನ್ನು 10 ಮಿ.ಮೀ. ಮಾಡಿದರೂ 3! ಹತ್ತಿರ ತರಲು ಜಾಗವಿಲ್ಲದಾಗ ದೊಡ್ಡದು ಮಾಡಿದರೂ ಫಲ ಒಂದೇ. ಈ ಸೂತ್ರದ ಸೊಗಸೆಲ್ಲ ಇಲ್ಲಿದೆ.

1978ರಲ್ಲಿ ಸ್ಟುವರ್ಟ್ ಕಾರ್ಡ್ ಮತ್ತು ಸಂಗಡಿಗರು ಇದೇ ಲೆಕ್ಕದಿಂದ ಮೌಸ್, ಜಾಯ್‌ಸ್ಟಿಕ್‌ಗಳನ್ನು ಪರೀಕ್ಷಿಸಿದಾಗ ಮೌಸ್ ಗೆದ್ದಿತು. ಕಂಪ್ಯೂಟರ್ ಪರದೆಯ ಅಂಚಿನ ಗುಂಡಿ ಬೇಗ ಸಿಗುವುದೂ ಈ ನಿಯಮದಿಂದಲೇ: ಬಾಣದ ಗುರುತು ಅಂಚು ದಾಟದು, ಹಾಗಾಗಿ ಆ ದಿಕ್ಕಿನಲ್ಲಿ ಗುರಿಗೆ ಕೊನೆಯೇ ಇಲ್ಲ. ಮೊಬೈಲಿನಲ್ಲಿ ಈ ಅನುಕೂಲವಿಲ್ಲ. ಬೆರಳನ್ನು ತಡೆಯುವ ಅಂಚಿಲ್ಲ.

ಈಗ ಕನ್ನಡಕ್ಕೆ ಬರೋಣ. ಎಲ್ಲ ಅಕ್ಷರಗಳನ್ನೂ ಒಂದೇ ಪುಟದಲ್ಲಿ ತುಂಬಿದರೆ ಕೀಲಿಗಳು ಸಣಕಲಾಗುತ್ತವೆ. ಹೆಬ್ಬೆರಳು ಪಕ್ಕದ್ದನ್ನು ಮುಟ್ಟುತ್ತದೆ, ಅಳಿಸುವ ಕೀಲಿಗೆ ಓಡಬೇಕಾಗುತ್ತದೆ. ರಾವ್ ಅವರ ವಿನ್ಯಾಸ ಇಂಗ್ಲಿಷಿನ 26 ಕೀಲಿಗಳಲ್ಲೇ ಕನ್ನಡವನ್ನು ಕೂರಿಸಿ ಅಗಲ ಉಳಿಸಿಕೊಂಡಿತು, ಬದಲಿಗೆ ಶಿಫ್ಟ್‌ನ ಪ್ರಯಾಣ ಕೊಟ್ಟಿತು. ಎರಡರಲ್ಲೂ ಲಾಭವಿದೆ, ನಷ್ಟವೂ ಇದೆ.

ಹೊಸ ಕೀಲಿಮಣೆ ಮಾಡುವವರು ಒತ್ತುಗಳ ಎಣಿಕೆಯನ್ನಷ್ಟೇ ತೋರಿಸಿದರೆ ಒಪ್ಪಬೇಡಿ. ಕನ್ನಡದಲ್ಲಿ ಅಡಿಗಡಿಗೆ ಬರುವ ಚಿಹ್ನೆಗಳು ಹೆಬ್ಬೆರಳಿನಿಂದ ಎಷ್ಟು ದೂರ, ಎಷ್ಟು ಅಗಲ ಎಂದು ಕೇಳಿ. ದಿನವಿಡೀ ಕನ್ನಡದಲ್ಲಿ ಬರೆಯುವವರ ಕೈಗೆ ಕೊಟ್ಟು, ಗಡಿಯಾರ ಹಿಡಿದು ಅಳೆದಿದ್ದೀರಾ ಎಂದೂ ಕೇಳಿ.