ಟಾಕೊ ಬೇಕೆಂದರೆ 7ನೇ ರೈಲು ಹತ್ತಿ

ನ್ಯೂಯಾರ್ಕಿನಲ್ಲಿ ಒಳ್ಳೆಯ ಮೆಕ್ಸಿಕನ್ ಊಟ ಬೇಕೆಂದವರು ಮ್ಯಾನ್‌ಹಟನ್ನಿನ ಝಗಮಗ ಹೋಟೆಲುಗಳ ಸಹವಾಸ ಬಿಟ್ಟು ಕ್ವೀನ್ಸ್ ಕಡೆಗೆ ಹೋಗುವ 7ನೇ ನಂಬರಿನ ರೈಲು ಹತ್ತಬೇಕು. ಸೀರೆಗೆ, ಸಾಂಬಾರುಪುಡಿಗೆ ನಮ್ಮವರು ಇಳಿಯುವ ಜಾಕ್ಸನ್ ಹೈಟ್ಸ್‌ನಲ್ಲೇ ಇಳಿದು ರೂಸ್‌ವೆಲ್ಟ್ ಅವೆನ್ಯೂ ಹಿಡಿದು ಕೊರೋನಾ ಬಡಾವಣೆಯತ್ತ ನಡೆಯಿರಿ. ರಸ್ತೆಯುದ್ದಕ್ಕೂ ತಲೆಯ ಮೇಲೆಯೇ ರೈಲು. ಅದು ಗಡಗಡಿಸುವಷ್ಟು ಹೊತ್ತು ಮಾತು ನಿಲ್ಲಿಸಿ, ತಿನ್ನುವುದನ್ನು ನಿಲ್ಲಿಸಬೇಡಿ.

ಇಲ್ಲಿಯ ಮೆಕ್ಸಿಕನ್ನರಲ್ಲಿ ಬಹಳಷ್ಟು ಮಂದಿ ಪುಯೆಬ್ಲಾ ರಾಜ್ಯದ ಮೂಲದವರು. ಊರಿಗೇ ‘ಪುಯೆಬ್ಲಾ ಯಾರ್ಕ್’ ಎಂಬ ಅಡ್ಡಹೆಸರು ಬಿದ್ದಿದೆ. ಹಾಗಾಗಿ ಕರಾವಳಿಯ ಮೀನಿನ ಟಾಕೊಗೆ ಹಟ ಹಿಡಿಯದೆ ಸೆಮಿತಾ ಕೇಳಿ. ಎಳ್ಳು ಮೆತ್ತಿದ ದುಂಡು ಬನ್ನು, ಒಳಗೆ ಕರಿದ ಮಾಂಸದ ಹಾಳೆ, ಎಳೆಎಳೆಯಾಗಿ ಸೀಳಿದ ಚೀಸ್, ಬೆಣ್ಣೆಹಣ್ಣು, ಹೊಗೆವಾಸನೆಯ ಚಿಪೋಟ್ಲೆ ಮೆಣಸು. ಜೊತೆಗೆ ಪಾಪಲೋ ಎಂಬ ಸೊಪ್ಪಿರಬೇಕು. ಕೊತ್ತಂಬರಿಯ ಕಡೆಯದೇ ಘಾಟು, ಆದರೆ ತುಂಬ ಜೋರು. ಬೇಸಿಗೆಯಲ್ಲೂ ಅದನ್ನಿಡದ ಅಂಗಡಿಯ ಸೆಮಿತಾಕ್ಕೆ ನಾನು ಅರ್ಧ ಅಂಕವಷ್ಟೇ ಕೊಡುತ್ತೇನೆ.

ಟಾಕೊ ಅಲ್ ಪಾಸ್ತೋರ್‌ನ ಬೇರೂ ಪುಯೆಬ್ಲಾದಲ್ಲೇ ಇದೆ. ಕಳೆದ ಶತಮಾನದ ಮೊದಲರ್ಧದಲ್ಲಿ ಮಧ್ಯಪ್ರಾಚ್ಯದಿಂದ ಬಂದು ನೆಲೆಸಿದವರು ನಿಂತ ಸರಳಿಗೆ ಮಾಂಸ ಪೋಣಿಸಿ ಸುಡುವ ಪದ್ಧತಿ ತಂದರು. ಮೆಕ್ಸಿಕೊದಲ್ಲಿ ಕುರಿಯ ಜಾಗಕ್ಕೆ ಹಂದಿ ಬಂತು, ಮಸಾಲೆಗೆ ಒಣಮೆಣಸು ಬಂತು, ತುದಿಯಲ್ಲಿ ಅನಾನಸ್ ಕೂತಿತು. ಬೋರ್ಡು ಓದುವ ಮೊದಲು ಆ ಸರಳು ಬೆಂಕಿಯೆದುರು ತಿರುಗುತ್ತಿದೆಯೇ ನೋಡಿ. ಹೆಚ್ಚಿಟ್ಟ ಮಾಂಸವನ್ನು ಕಾವಲಿಯ ಮೇಲೆ ಹುರಿದು ಅದೇ ಹೆಸರಲ್ಲಿ ಮಾರುವವರಿಗೆ ಈ ಊರಲ್ಲಿ ಬರವಿಲ್ಲ.

ಎಲ್ಲಕ್ಕಿಂತ ಮುಖ್ಯ ಟಾಕೊದ ರೊಟ್ಟಿ, ಅಂದರೆ ತೋರ್ತಿಯಾ. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಸಿ, ತೊಳೆದು ರುಬ್ಬುತ್ತಾರೆ. ಸುಣ್ಣದಿಂದ ಸಿಪ್ಪೆ ಬಿಡುತ್ತದೆ, ಹಿಟ್ಟು ಅಂಟಿಕೊಂಡು ಲಟ್ಟಿಸಲು ಬರುತ್ತದೆ, ಜೋಳದಲ್ಲಿ ಬಿಗಿದುಕೊಂಡಿದ್ದ ನಯಾಸಿನ್ ಎಂಬ ಜೀವಸತ್ವ ಮೈಗೂ ಹತ್ತುತ್ತದೆ. ಆಗತಾನೇ ಮಾಡಿದ್ದು ಕಾವಲಿಯ ಮೇಲೆ ಬುಸ್ಸನೆ ಉಬ್ಬಿ, ಅಲ್ಲಲ್ಲಿ ಕಪ್ಪು ಚುಕ್ಕೆ ಹಿಡಿದು, ಮಡಚಿದರೂ ಬಿರುಕು ಬಿಡುವುದಿಲ್ಲ. ಪ್ಯಾಕೆಟ್ಟಿನದು ಮಡಚುವ ಗೆರೆಯಲ್ಲೇ ಸೀಳಿ ಸಾಲ್ಸಾ ಮೊಣಕೈಗೆ ಇಳಿಯುತ್ತದೆ.

ಸಸ್ಯಾಹಾರಿಗಳು ಹಿಂಜರಿಯಬೇಕಿಲ್ಲ, ಎಚ್ಚರವಿದ್ದರಾಯಿತು. ಅರೆದ ಬೀನ್ಸಿಗೆ, ಜೋಳದ ಕಡುಬಾದ ತಮಾಲೆಯ ಹಿಟ್ಟಿಗೆ ಹಂದಿಕೊಬ್ಬು ಹಾಕುವುದುಂಟು. ಅದರ ಹೆಸರು ‘ಮಾಂತೇಕಾ’. ಆರ್ಡರ್ ಮಾಡುವ ಮೊದಲೇ ಕೇಳಿ. ಕುಂಬಳ ಹೂವಿನದೋ, ಮುಳ್ಳು ತೆಗೆದು ಹೆಚ್ಚಿದ ಪಾಪಾಸುಕಳ್ಳಿಯದೋ ಕೆಸಡಿಯಾ (ಚೀಸ್ ತುಂಬಿ ಮಡಚಿದ ತೋರ್ತಿಯಾ) ಹೇಳಿ, ಹಿಟ್ಟನ್ನು ನಿಮ್ಮೆದುರೇ ತಟ್ಟುವ ಕಡೆ. ಕಳ್ಳಿ ಬೆಂಡೆಕಾಯಿಯಂತೆ ಲೋಳೆ, ಸ್ವಲ್ಪ ಹುಳಿ. ಹಸಿರು ಸಾಲ್ಸಾ ಧಾರಾಳವಾಗಿ ಸುರಿದುಕೊಳ್ಳಿ. ಕೆಂಪನ್ನು ಮೊದಲು ಬೆರಳಲ್ಲಿ ನೆಕ್ಕಿ ನೋಡಿ.