ಬೀಜದ ಚೀಲ, ಚೀಲದ ಚೀಟಿ

ಪುಕ್ಕಟೆ ಸಿಕ್ಕಿದ್ದೆಲ್ಲ ಸ್ವತಂತ್ರವಲ್ಲ. ಪುಕ್ಕಟೆ ತಂತ್ರಾಂಶವೊಂದರಲ್ಲಿ ನಾನು ಟೈಪು ಮಾಡಿಟ್ಟ ಪ್ರಶ್ನೆಪತ್ರಿಕೆಗಳು ಬೇರೆ ಕಂಪ್ಯೂಟರಿನಲ್ಲಿ ಓದಲು ಬಾರದಾದಾಗ ಇದು ಮನವರಿಕೆಯಾಯಿತು. ಅದನ್ನು ತೆರೆದು ತಿದ್ದುವ ಹಕ್ಕು ನಮಗಿರಲಿಲ್ಲ.

ಇಂಡಿ, ಸಿಂದಗಿ ಕಡೆಯ ರೈತರಿಗೆ ಈ ಭೇದ ಗೊತ್ತು. ಮನೆಯ ಜೋಳವನ್ನು ಮರಳಿ ಬಿತ್ತಬಹುದು, ನೆರೆಯವರಿಗೆ ಕೊಡಬಹುದು. ಹೈಬ್ರಿಡ್ ಬೀಜವನ್ನು ವರ್ಷವೂ ಕೊಳ್ಳಬೇಕು.

1993ರಲ್ಲಿ ಆರಂಭವಾದ ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆ ಇವೆರಡನ್ನು ಬೇರೆ ಬೇರೆ ಚೀಲದಲ್ಲಿಡುತ್ತದೆ. ಓದುವ, ತಿದ್ದುವ, ಹಂಚುವ ಹಕ್ಕಿರುವುದು ‘ಮೇನ್’ ವಿಭಾಗದಲ್ಲಿ; ಕನ್ನಡದ ಗುಬ್ಬಿ, ನವಿಲು ಫಾಂಟುಗಳೂ ಅಲ್ಲಿವೆ. ಹಕ್ಕಿಲ್ಲದ್ದು ‘ನಾನ್-ಫ್ರೀ’ಯಲ್ಲಿ. ವೈಫೈ ಮುಂತಾದವು ನಡೆಯಲು ಬೇಕಾದ ಮುಚ್ಚಿದ ಫರ್ಮ್‌ವೇರನ್ನು ಅಧಿಕೃತ ಡಿಸ್ಕಿಗೇ ಸೇರಿಸಲು 2022ರಲ್ಲಿ ಅದರ ಸದಸ್ಯರು ಮತ ಹಾಕಿ ಒಪ್ಪಿದರು. 2023ರ ಡೆಬಿಯನ್ 12ರಲ್ಲಿ ಅದು ಜಾರಿಗೆ ಬಂತು.

ಇದನ್ನು ತತ್ವಭ್ರಷ್ಟತೆ ಎನ್ನಲಾರೆ. ಮುದ್ದೇಬಿಹಾಳದ ಹಳ್ಳಿಶಾಲೆಯಲ್ಲಿ ವೈಫೈ ಹತ್ತದಿದ್ದರೆ ಮಾಸ್ತರರು ಕಳ್ಳಪ್ರತಿಯ ವಿಂಡೋಸ್‌ಗೇ ಮರಳುತ್ತಾರೆ. ಅದಕ್ಕೆ ಪ್ರತ್ಯೇಕ ವಿಭಾಗ ಮಾಡಿದ್ದೂ ಪ್ರಾಮಾಣಿಕತೆಯೇ. ನನ್ನ ತಕರಾರು ಒಂದೇ: ಅದು ಕೇಳದೆ ಒಳಬರುತ್ತದೆ, ಬೇಡವೆನ್ನಲು ಆರಂಭದಲ್ಲೇ ಆಜ್ಞೆ ಬರೆಯಬೇಕು. ಅದು ಬಲ್ಲವರ ಸ್ವಾತಂತ್ರ್ಯ. ಬಸವನ ಬಾಗೇವಾಡಿಯ ಮಗುವೂ ಚೀಲದ ಚೀಟಿಯನ್ನು ಕನ್ನಡದಲ್ಲಿ ಓದಿ, ಬೇಕು ಇಲ್ಲವೇ ಬೇಡ ಎನ್ನುವಂತಾಗಬೇಕು.