ಸಾಕುಪ್ರಾಣಿಯ ಆಹಾರ ಮತ್ತು ಅಹಿಂಸಾವಿವೇಕ

ಸಾಕುಪ್ರಾಣಿಗಳಿಗೆ ಆಹಾರವನ್ನು ಸೂಚಿಸುವ ಮೊಬೈಲ್ ಆ್ಯಪ್‌ನಲ್ಲಿ ಶ್ರಾವಕನ ಕಣ್ಣು ಸಹಜವಾಗಿಯೇ ‘ಸಸ್ಯಾಹಾರ’ವೆಂಬ ಗುರುತನ್ನು ಅರಸುತ್ತದೆ. ಅಂತಹ ಆ್ಯಪ್‌ನ ವಿನ್ಯಾಸದ ಗುಣದೋಷಗಳು ನಿಶ್ಚಯವಾಗುವುದು ಅಲ್ಲಿಯೇ.

ಪೋಷಕಾಂಶಗಳನ್ನು ಸರಿದೂಗಿಸಿದ ಸಸ್ಯಾಹಾರದಿಂದ ನಾಯಿ ಬಾಳಬಲ್ಲದು. ಬೆಕ್ಕಿನ ದೇಹಧರ್ಮ ಬೇರೆ. ಟಾರಿನ್ ಎಂಬ ಆಮ್ಲವನ್ನು ಅದು ಬೇಕಾದಷ್ಟು ತಯಾರಿಸಿಕೊಳ್ಳಲಾರದು. ಧಾನ್ಯ, ಬೇಳೆಗಳಿಂದಲೂ ಅದು ದೊರೆಯದು. ಈ ಕೊರತೆಯಿಂದ ಬೆಕ್ಕಿನ ಹೃದಯಸ್ನಾಯು ದುರ್ಬಲವಾಗುವುದನ್ನು 1987ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿಕೊಟ್ಟರು. ಹೀಗಿರುವಾಗ, ಟಾರಿನ್ ಬೆರೆಸಿದೆಯೇ ಎಂಬುದನ್ನೂ ತಿಳಿಸದೆ ಎರಡು ಪ್ರಾಣಿಗಳಿಗೂ ಒಂದೇ ಹಸಿರು ಗುರುತನ್ನು ತೋರುವ ವಿನ್ಯಾಸ ಸದೋಷವಾದುದು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅನ್ನಪಾನನಿರೋಧವನ್ನೂ ಎಣಿಸಿದೆ. ಹೊಟ್ಟೆ ತುಂಬಿಸಿಯೂ ದೇಹವನ್ನು ಸೊರಗಿಸುವುದು ಅದರಿಂದ ಬಹುದೂರವಿಲ್ಲ. ಮಾಂಸವನ್ನು ಕೊಂಡು ತಂದರೆ ಮತ್ತೊಂದು ಜೀವದ ವಧೆಗೆ ಅನುಮೋದನೆಯಾಗುತ್ತದೆ. ಈ ಧರ್ಮಸಂಕಟವನ್ನು ಯಾವ ಯಂತ್ರವೂ ಬಿಡಿಸಲಾರದು, ಮರೆಮಾಚದೆ ಮುಂದಿಡಬಲ್ಲದು.

ಬೆಕ್ಕಿಗೆ ಈಗಾಗಲೇ ಆಶ್ರಯವಿತ್ತವರು ಪಶುವೈದ್ಯರ ಮಾತಿಗೆ ಕಿವಿಗೊಡುವುದು ಕರ್ತವ್ಯ. ಉಳಿದವರಿಗೆ, ಆಹಾರದ ಆಯ್ಕೆಗಿಂತ ಮೊದಲು ಪ್ರಾಣಿಯ ಆಯ್ಕೆಯಿದೆ. ಬೆಕ್ಕನ್ನು ಮನೆಗೆ ತರುವ ಮುನ್ನವೇ ಇಷ್ಟನ್ನು ತಿಳಿಸುವ ಆ್ಯಪ್ ಶ್ರಾವಕನಿಗೆ ನಿಜವಾದ ಉಪಕಾರವನ್ನು ಮಾಡಿದಂತೆ.